ಎರಕದ ದೋಷವಲ್ಲ

ಬಹರೈನಿನ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಹೊಸದಾಗಿ ಎದ್ದ ಒಂದು ಬ್ಯಾಂಕಿನ ಕಟ್ಟಡಕ್ಕೆ ಹಿತ್ತಾಳೆಯ ರೇಲಿಂಗ್ ಮಾಡಿಕೊಟ್ಟದ್ದು ನಮ್ಮ ವರ್ಕ್‌ಶಾಪು. ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಕಾಣದ ಆ ರೇಲಿಂಗು ಬ್ಯಾಂಕಿನವರಿಗೆ ಹಿಡಿಸಿತ್ತು. ಹಾಗಾಗಿ ಕೆಳ ಅಂತಸ್ತಿನ ಹಾಲಿನಲ್ಲಿ ಒಂದು ಪ್ರದರ್ಶನ ಇಡುವುದೆಂದು ಅವರು ತೀರ್ಮಾನಿಸಿದಾಗ ಅದರ ಸ್ಟ್ಯಾಂಡುಗಳ ಕೆಲಸವೂ ಸನದ್‌ನ ನಮ್ಮ ಶೆಡ್ಡಿಗೇ ಬಂತು. ಸೌದಿಗೆ ಹೋಗುವ ಸೇತುವೆಯನ್ನು ಇನ್ನೂ ಸಮುದ್ರದಲ್ಲಿ ಕಟ್ಟುತ್ತಿದ್ದ ವರ್ಷಗಳು ಅವು.

ಪ್ರದರ್ಶನ ಆಫ್ರಿಕಾದ ಕಲೆಯದು. ಆದರೆ ವಸ್ತುಗಳು ಬರುವುದು ಆಫ್ರಿಕಾದಿಂದಲ್ಲ, ಯೂರೋಪಿನ ಒಂದು ಮ್ಯೂಸಿಯಂನಿಂದ. ಮರದ ಮುಖವಾಡಗಳು, ದಂತದ ಕಡಗಗಳು, ಹಿತ್ತಾಳೆಯ ತಲೆಗಳು ಮತ್ತು ಹಲಗೆಗಳು, ಎಲ್ಲ ಸೇರಿ ಮೂವತ್ತರ ಒಳಗೆ. ನಮ್ಮ ಮ್ಯಾನೇಜರನ್ನು ಎಲ್ಲರೂ ಶೆಟ್ರು ಎಂದೇ ಕರೆಯುತ್ತಿದ್ದರು. ಅವರು ಡ್ರಾಯಿಂಗುಗಳ ಸುರುಳಿಯನ್ನು ನನ್ನ ಮೇಜಿನ ಮೇಲೆ ಇಟ್ಟು, "ನಿನ್ನ ಮನೆಯವರು ಗಂಟೆ ಹೊಯ್ಯುವವರು ಅಲ್ವಾ? ಹಿತ್ತಾಳೆ ಅಂದ್ರೆ ಎಂತ ಅಂತ ನಿಂಗೆ ಗೊತ್ತುಂಟು. ನೀನೇ ಹೋಗು," ಎಂದರು.

ಮಾತು ನಿಜ. ಕಾರ್ಕಳದ ಕಡೆಯ ನಮ್ಮ ಮನೆಯಲ್ಲಿ ತಂದೆ, ಅಜ್ಜ ಎಲ್ಲರೂ ಎರಕದವರು. ದೇವಸ್ಥಾನದ ಗಂಟೆ, ಕಾಲುದೀಪ, ಭೂತಸ್ಥಾನಗಳಿಗೆ ಹಿತ್ತಾಳೆಯ ಮೊಗ, ಅಂದರೆ ಭೂತದ ಮುಖವಾಡ. ನಾನೂ ಇಪ್ಪತ್ತನಾಲ್ಕು ವರ್ಷದವರೆಗೆ ಕುಲುಮೆಯ ಮುಂದೆ ಕೂತವನೇ. ಬಹರೈನಿಗೆ ಬಂದ ಮೇಲೆ ಮಾತ್ರ ಬೆಸುಗೆ, ಪೈಪು, ರೇಲಿಂಗು.

ಮ್ಯೂಸಿಯಂನಿಂದ ವಸ್ತುಗಳ ಜೊತೆಗೆ ಬಂದವರು ಅರವತ್ತರ ಹತ್ತಿರದ ಒಬ್ಬ ಮಹಿಳೆ. ಹಳೆಯ ವಸ್ತುಗಳನ್ನು ಕೆಡದಂತೆ ಕಾಯುವುದು ಅವರ ಕೆಲಸ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಉದ್ಘಾಟನೆಗೆ ಇನ್ನೂ ಮೂರು ವಾರ ಇರುವಾಗಲೇ ಬಂದು, ಪೆಟ್ಟಿಗೆಗಳನ್ನು ಹಾಲಿನಲ್ಲಿ ಇಳಿಸಿ, ಎರಡು ದಿನ ಯಾರೂ ತೆರೆಯಕೂಡದು ಎಂದರು. ಹೊರಗಿನ ಉಪ್ಪು ಗಾಳಿ, ಒಳಗಿನ ಏಸಿ ಗಾಳಿ, ಪೆಟ್ಟಿಗೆಯೊಳಗಿನ ಯೂರೋಪಿನ ಗಾಳಿ, ಈ ಮೂರಕ್ಕೂ ಮೊದಲು ಪರಿಚಯವಾಗಬೇಕಂತೆ. ಬ್ಯಾಂಕಿನವರು ಚಡಪಡಿಸಿದರು. ಮೇಡಂ ಕುರ್ಚಿ ಹಾಕಿಕೊಂಡು, ತೇವ ಅಳೆಯುವ ಯಂತ್ರದ ಮುಂದೆ ಕೂತು ಹೆಣಿಗೆ ಹಾಕಿದರು.

ಅವರು ನನಗೆ ಮೊದಲು ಕಲಿಸಿದ್ದು ಮುಟ್ಟದೇ ಇರುವುದನ್ನು. ಹತ್ತಿಯ ಕೈಗವಸು ಹಾಕುವುದು, ವಾಚು ಉಂಗುರ ಬಿಚ್ಚಿಡುವುದು, ಒಂದು ವಸ್ತುವನ್ನು ಎತ್ತುವ ಮೊದಲು ಅದನ್ನು ಇಡುವ ಜಾಗವನ್ನು ಖಾಲಿ ಮಾಡಿಟ್ಟುಕೊಳ್ಳುವುದು. ಸ್ಟ್ಯಾಂಡು ವಸ್ತುವನ್ನು ಕಚ್ಚಿ ಹಿಡಿಯಬಾರದು, ಹೊರಬೇಕು. ಭಾರವೆಲ್ಲ ಕೆಳಗಿನಿಂದ, ಮೇಲಿನ ಕ್ಲಿಪ್ಪು ಅಲುಗದಂತೆ ಮಾತ್ರ. ಲೋಹಕ್ಕೆ ಲೋಹ ತಾಗಬಾರದು, ನಡುವೆ ಫೆಲ್ಟ್ ಬಟ್ಟೆ ಇರಬೇಕು. ವಸ್ತುವಿನ ಅಂಚಿನ ಬಾಗನ್ನು ಅಳೆಯಲು ನಾನು ಬೆಸುಗೆಯ ಮೆತ್ತಗಿನ ತಂತಿಯನ್ನು ಅದರ ಹತ್ತಿರ ಹಿಡಿದು ಬಾಗಿಸಿ, ಕಾಗದದ ಮೇಲೆ ಇಟ್ಟು ಗೆರೆ ಎಳೆದುಕೊಂಡೆ. ಅದು ಅವರಿಗೆ ಹೊಸದು. ಆ ತಂತಿಯನ್ನು ತಿರುಗಿಸಿ ನೋಡಿ, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟು ವರ್ಷದ ಅನುಭವದವರು ನನ್ನಿಂದ ಕಲಿತದ್ದನ್ನು ಬರೆದುಕೊಳ್ಳುವುದು ನೋಡಿ ನನಗೆ ಅವರ ಮೇಲೆ ಗೌರವ ಬಂತು.

ಏಳನೇ ಪೆಟ್ಟಿಗೆ ತೆರೆದದ್ದು ನಾಲ್ಕನೇ ದಿನ. ಒಳಗಿದ್ದದ್ದು ಒಂದು ಹಿತ್ತಾಳೆಯ ಹಲಗೆ. ಒಂದು ಮೊಳ ಎತ್ತರ, ಮುಕ್ಕಾಲು ಮೊಳ ಅಗಲ. ಪಶ್ಚಿಮ ಆಫ್ರಿಕಾದಲ್ಲಿ, ಈಗಿನ ನೈಜೀರಿಯಾದೊಳಗೆ ಇದ್ದ ಬೆನಿನ್ ಎಂಬ ರಾಜ್ಯದ್ದು, ನೂರಾರು ವರ್ಷ ಹಳೆಯದು ಎಂದರು ಮೇಡಂ. ನಡುವೆ ಒಬ್ಬ ಯೋಧ, ಹಲಗೆಯಿಂದ ಅರ್ಧ ಹೊರಗೆ ಬಂದು ನಿಂತ ಹಾಗೆ. ತಲೆಗೆ ಶಿರಸ್ತ್ರಾಣ, ಕೊರಳಲ್ಲಿ ಚಿರತೆಯ ಹಲ್ಲುಗಳ ಸರ, ಎದೆಯ ಮೇಲೆ ಚೌಕಾಕಾರದ ಒಂದು ಗಂಟೆ. ಹಿನ್ನೆಲೆಯ ತುಂಬ ನಾಲ್ಕೆಸಳಿನ ಎಲೆಗಳು, ಎಲೆಗಳ ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಎಣಿಸಲು ಹೋದರೆ ಒಂದು ದಿನ ಬೇಕು.

ನಾನು ಮೊದಲು ನೋಡಿದ್ದು ದಪ್ಪವನ್ನು. ಅಂಚಿನಿಂದ ಅಂಚಿಗೆ ಒಂದೇ ಸಮ, ಹೆಚ್ಚೆಂದರೆ ಎರಡು ನಾಣ್ಯದಷ್ಟು. ಅಷ್ಟು ತೆಳುವಿನಲ್ಲಿ, ಅಷ್ಟು ಅಗಲಕ್ಕೆ, ಅಷ್ಟು ಉಬ್ಬಿದ ಮೂರ್ತಿಯ ಸಮೇತ ಒಂದೇ ಎರಕದಲ್ಲಿ ಲೋಹ ಹರಿಸುವುದು ಎಷ್ಟು ಕಷ್ಟ ಎಂಬುದು ಮಾಡಿ ಕೆಡಿಸಿದವನಿಗೇ ಗೊತ್ತು. ಆಮೇಲೆ ಹಿಂಬದಿಗೆ ತಿರುಗಿಸಿದೆ. ಮೇಣದ ಹಾಳೆಯನ್ನು ಒತ್ತಿ ಸಮ ಮಾಡಿದ ಬೆರಳುಗಳ ತಗ್ಗುಗಳು ಹಾಗೇ ಇದ್ದವು. ಮೊದಲು ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿದ ಜಾಗಕ್ಕೆ ಲೋಹ ಸುರಿಯುವುದರಿಂದ ಮೇಣದ ಗುರುತು ಲೋಹದಲ್ಲಿ ಉಳಿಯುತ್ತದೆ; ನಮ್ಮಲ್ಲೂ ಹೀಗೇ ಬೀಳುತ್ತದೆ. ಮೊಗದ ಒಳಬದಿ ನೋಡಿ ತಂದೆ ಒತ್ತಿದ್ದೋ ನಾನು ಒತ್ತಿದ್ದೋ ಎಂದು ಅಮ್ಮ ಹೇಳುತ್ತಿದ್ದರು. ಈ ಮನುಷ್ಯನ ಹೆಬ್ಬೆರಳು ಅಗಲವಾಗಿತ್ತು. ಎಡದಿಂದ ಬಲಕ್ಕೆ ಒತ್ತುತ್ತ ಬಂದಿದ್ದ. ಎಲ್ಲೂ ಅವಸರ ಇರಲಿಲ್ಲ.

ಕೆಳಗಿನ ಎಡ ಮೂಲೆ ಮಾತ್ರ ಇರಲಿಲ್ಲ. ಉಳಿದ ಮೂರು ಮೂಲೆಗಳಲ್ಲಿ ಮೊಳೆಯ ತೂತುಗಳಿದ್ದವು. ಅರಮನೆಯ ಕಂಬಗಳಿಗೆ ಇಂಥ ಹಲಗೆಗಳನ್ನು ಸಾಲಾಗಿ ಬಡಿದಿರುತ್ತಿದ್ದರಂತೆ. ಮೇಡಂ ಬಳಿ ಪ್ರತಿ ವಸ್ತುವಿಗೂ ಒಂದು ಕಾಗದ ಇತ್ತು, ಅದರ ದೇಹಸ್ಥಿತಿಯ ವರದಿ. ಏಳನೆಯದರಲ್ಲಿ ಬರೆದಿತ್ತು: ಕೆಳಗಿನ ಎಡ ಮೂಲೆ ಇಲ್ಲ, ಎರಕದ ದೋಷ.

ಆ ಎರಡು ಶಬ್ದದ ಹತ್ತಿರ ನಾನು ನಿಂತೆ.

ಎರಕದ ದೋಷ ಹೇಗಿರುತ್ತದೆಂದು ನಾನು ಬಲ್ಲೆ. ಸುರಿದ ಲೋಹ ಅಚ್ಚಿನ ತುದಿಗೆ ಮುಟ್ಟುವ ಮೊದಲೇ ತಣಿದರೆ ಅದರ ಅಂಚು ದುಂಡಗೆ ಉರುಟಾಗುತ್ತದೆ, ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿ ನಿಂತ ಹಾಗೆ. ಆ ಅಂಚಿಗೂ ಮೈಯ ಮೇಲಿನದೇ ನಯ ಇರುತ್ತದೆ. ಇಲ್ಲಿ ಅಂಚು ಹರಿದ ಬಟ್ಟೆಯಂತಿತ್ತು. ಹೊರಗಡೆಗೆ ಬಾಗಿ, ಹರಳುಹರಳಾಗಿ ಮುರಿದಿತ್ತು. ಅಲ್ಲಿಂದ ಒಂದು ಬಿರುಕು ಹೆಬ್ಬೆರಳಿನಷ್ಟು ಉದ್ದ ಮೇಲಕ್ಕೆ ಓಡಿತ್ತು. ಹಿಂಬದಿಯಲ್ಲಿ, ಮೂಲೆಯ ಹತ್ತಿರ, ಒಂದು ಚಪ್ಪಟೆ ಜಜ್ಜುಗಾಯ. ಕಬ್ಬಿಣದ ಹಾರೆಯ ತುದಿ ಕೂತ ಗುರುತು.

ಮ್ಯೂಸಿಯಂನ ಡ್ರಾಯಿಂಗಿನ ಪ್ರಕಾರ ಈ ಹಲಗೆಯನ್ನು ಹಳೆಯ ತೂತುಗಳ ಮೂಲಕವೇ ಮರದ ಫಲಕಕ್ಕೆ ಸ್ಕ್ರೂ ಹಾಕಿ, ಸುತ್ತ ಮರದ ಪಟ್ಟಿ ಕಟ್ಟಿ, ಮೂಲೆ ಕಾಣದಂತೆ ಮಾಡಬೇಕಿತ್ತು.

ಆ ದಿನ ಸಂಜೆ ಸನದ್‌ಗೆ ಹಿಂದಿರುಗಿ ಶೆಟ್ರಿಗೆ ವಿಷಯ ಹೇಳಿದೆ. ಅವರು ಚಹಾ ಕೆಳಗಿಟ್ಟರು.

"ನಿಂಗೆ ಎಂತಕ್ಕೆ ಮಾರಾಯ ಅದೆಲ್ಲ? ಅವರು ಕ್ಲಿಪ್ ಮಾಡ್ಲಿಕ್ಕೆ ಹೇಳಿದ್ದು, ನೀನು ಕ್ಲಿಪ್ ಮಾಡು. ಅವರ ಕಾಗದದಲ್ಲಿ ಎಂತ ಬರೆದಿದ್ರೆ ನಮಗೆಂತ?"

"ಮಾಡಿದವನ ಮೇಲೆ ಹಾಕಿದ್ದಾರಲ್ಲ ಶೆಟ್ರೆ, ತಪ್ಪನ್ನು."

"ಮಾಡಿದವ ಸತ್ತು ಎಷ್ಟು ಕಾಲ ಆಯ್ತೋ ಏನೋ. ಅವನೇನು ಬಂದು ಕೇಳ್ತಾನಾ? ಆ ಮೇಡಂ ಸಿಟ್ಟಾದ್ರೆ ಬ್ಯಾಂಕಿನ ಕೆಲಸ ಖಲಾಸ್. ನಿನ್ನ ವೀಸಾ ನನ್ನ ಹತ್ರ ಕೇಳ್ಬೇಡ ಆಮೇಲೆ."

ಉಮ್ ಅಲ್ ಹಸ್ಸಮ್‌ನ ನಮ್ಮ ಕೋಣೆಗೆ ಬಂದು ಊಟ ಮಾಡುವಾಗಲೂ ಅದೇ ಯೋಚನೆ. ನಮ್ಮ ತಂದೆ ಒಂದು ಗಂಟೆಯನ್ನು ಅಚ್ಚಿನಿಂದ ಬಿಡಿಸಿದ ಮೇಲೆ ಮೊದಲು ಬೆರಳ ಗಂಟಿನಿಂದ ಬಡಿದು ಕೇಳುತ್ತಿದ್ದರು. ಸ್ವರ ಒಡೆದರೆ ಯಾರಿಗೂ ತೋರಿಸದೆ ಮತ್ತೆ ಮೂಸೆಗೆ. ಮೂರು ತಿಂಗಳ ಕೆಲಸ ಹೋದರೂ ಹೋಗಲಿ. ಕೊಟ್ಟ ಮೇಲೆ ಕೆಟ್ಟಿದೆ ಎನಿಸಿಕೊಳ್ಳಬಾರದು. ರಾಜನ ಕಂಬಕ್ಕೆ ಬಡಿಯುವ ಹಲಗೆಯನ್ನು, ಅಷ್ಟು ಚುಕ್ಕೆ ಒತ್ತಿದ ಮನುಷ್ಯ, ಮೂಲೆ ಇಲ್ಲದೆ ಕೊಟ್ಟನೆಂದು ನಂಬಲು ನನಗೆ ಆಗಲಿಲ್ಲ. ಸತ್ತವನು ಬಂದು ಕೇಳುವುದಿಲ್ಲ ಎಂಬ ಶೆಟ್ರ ಮಾತೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಮರುದಿನ ಬೆಳಿಗ್ಗೆ ಮೇಡಂಗೆ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಭೂತಗನ್ನಡಿ ಹಿಡಿದು ಆ ಅಂಚನ್ನು ತುಂಬ ಹೊತ್ತು ನೋಡಿದರು. ವರದಿಯ ಆ ಮಾತು ಅವರದಲ್ಲ. ಮ್ಯೂಸಿಯಂನ ಹಳೆಯ ದಾಖಲೆ ಪುಸ್ತಕದಲ್ಲಿ ಯಾರೋ ಬರೆದದ್ದು, ಅಲ್ಲಿಂದ ಪ್ರತಿಯಿಂದ ಪ್ರತಿಗೆ ಇಳಿದು ಬಂದದ್ದು. ಆದರೆ ಬೆನಿನ್‌ನ ಹಲಗೆಗಳಲ್ಲಿ ನಿಜವಾದ ಎರಕದ ದೋಷ ಇರುವವೂ ಇವೆ, ಮತ್ತೆ ಲೋಹ ಸುರಿದು ತೇಪೆ ಹಾಕಿದವೂ ಇವೆ ಎಂದು ಅವರು ಹೇಳಿದರು. ಅಂಚು ಹಳೆಯದು, ಮೇಲೆ ಕಂದು ಕಿಲುಬು ಹಿಡಿದು ಗುರುತು ಮಸುಕಾಗಿದೆ. ನೀವು ಹೇಳುವುದು ಸರಿ ಇರಬಹುದು, ಆದರೆ ಒಂದು ಅಭಿಪ್ರಾಯದ ಮೇಲೆ ನಾನು ವರದಿ ತಿದ್ದಲಾರೆ ಎಂದರು.

ಲೋಹ ಹೇಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ತಣಿದ ಅಂಚಿಗೂ ಹರಿದ ಅಂಚಿಗೂ ಏನು ವ್ಯತ್ಯಾಸ ಎಂಬುದನ್ನು ಹೇಳಲು ನನ್ನ ಇಂಗ್ಲಿಷು ಸಾಲದಾಯಿತು. ಕೈಸನ್ನೆಯಲ್ಲಿ ಎಷ್ಟು ಹೇಳುವುದು? ಕೊನೆಗೆ, ಮಾಡಿ ತೋರಿಸುತ್ತೇನೆ, ನೀವೇ ನೋಡಿ ಎಂದೆ. ಉದ್ಘಾಟನೆಗೆ ಇನ್ನು ಹದಿನಾರು ದಿನ ಇದೆ ಎಂದು ಅವರು ನೆನಪಿಸಿದರು. ಬೇಡ ಎನ್ನಲಿಲ್ಲ.

ಶೆಟ್ರು ತಲೆ ಚಚ್ಚಿಕೊಂಡರು. ಆದರೂ ಒಂದು ಷರತ್ತಿನ ಮೇಲೆ ಒಪ್ಪಿದರು: ಕೆಲಸ ಶುರುವಾಗುವ ಏಳು ಗಂಟೆಗೆ ಮೊದಲು ಏನು ಬೇಕಾದರೂ ಮಾಡಿಕೊ. ಹೀಗೆ ನಾನು ಹತ್ತು ವರ್ಷಗಳ ಮೇಲೆ ಮತ್ತೆ ಎರಕಕ್ಕೆ ಕೂತೆ.

ಮಣ್ಣು ಸಿಕ್ಕಿದ್ದು ಆಲಿ ಎಂಬ ಊರಿನ ಕುಂಬಾರರಲ್ಲಿ. ಮಡಕೆ ತಿರುಗಿಸುತ್ತಿದ್ದ ಮುದುಕ ನನ್ನ ಅರೆಬರೆ ಅರಬ್ಬಿಯನ್ನು ಕೇಳಿ, ಒಂದು ಹಿಡಿ ಮಣ್ಣನ್ನು ನನ್ನ ಅಂಗೈಗೆ ಹಾಕಿ, ಹಿಸುಕಿ ನೋಡು ಎಂದು ಸನ್ನೆ ಮಾಡಿದ. ನಾನು ಹಿಸುಕಿ, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿದೆ. ಉಪ್ಪು ಇರಲಿಲ್ಲ. ಆತ ನಕ್ಕು ಒಂದು ಗೋಣಿ ತುಂಬಿಸಿಕೊಟ್ಟ. ಊರಲ್ಲಾದರೆ ಮಣ್ಣಿಗೆ ಭತ್ತದ ಹೊಟ್ಟು ಸೇರಿಸುತ್ತಿದ್ದೆವು. ಇಲ್ಲಿ ಗೋಣಿನಾರನ್ನೇ ಸಣ್ಣಗೆ ಕತ್ತರಿಸಿ ಬೆರೆಸಿದೆ. ಜೇನುಮೇಣ ಮನಾಮಾ ಸೂಕ್‌ನ ಗಿಡಮೂಲಿಕೆ ಅಂಗಡಿಯಲ್ಲಿ ಸಿಕ್ಕಿತು. ಮೇಣಕ್ಕೆ ಬೆರೆಸುವ ರಾಳ ಇರಲಿಲ್ಲ, ಬದಲಿಗೆ ಲೋಬಾನ ತಂದೆ. ರೇಲಿಂಗಿನ ತುಂಡುಗಳು, ಹಳೆಯ ನಲ್ಲಿಗಳು ಹಿತ್ತಾಳೆಯಾದವು. ಎಣ್ಣೆ ಡ್ರಮ್ಮಿನ ಒಳಗೆ ಬೆಂಕಿ ಇಟ್ಟಿಗೆ ಜೋಡಿಸಿ ಕುಲುಮೆ ಮಾಡಿದೆ. ತಿದಿಯ ಬದಲಿಗೆ ಹಳೆಯ ಏಸಿಯ ಫ್ಯಾನು.

ಮೊದಲ ತೊಂದರೆ ಮೇಣದ್ದು. ಸೆಪ್ಟೆಂಬರಿನ ಆ ಸೆಕೆಗೆ ಶೆಡ್ಡಿನಲ್ಲಿ ಮೇಣದ ಹಾಳೆ ನಿಲ್ಲುತ್ತಲೇ ಇರಲಿಲ್ಲ, ಅಂಗೈಗೆ ಅಂಟುತ್ತಿತ್ತು. ಶೆಟ್ರ ಕ್ಯಾಬಿನ್ನಿನಲ್ಲಿ ಮಾತ್ರ ಏಸಿ. ಬೆಳಗಿನ ನಾಲ್ಕೂವರೆಗೆ ಬಂದು ಅವರ ಮೇಜಿನ ಮೇಲೆ ಅಂಗೈಯಗಲದ ಎರಡು ಹಲಗೆಗಳನ್ನು ಮೇಣದಲ್ಲಿ ಮಾಡಿದೆ. ಚುಕ್ಕೆ ಒತ್ತುವ ಅಗತ್ಯ ಇರಲಿಲ್ಲ. ಆದರೂ ಒಂದು ಸಾಲು ಒತ್ತಿ ನೋಡಿದೆ. ಅಷ್ಟಗಲಕ್ಕೇ ನನ್ನ ಸಾಲು ಎರಡು ಕಡೆ ಸೊಟ್ಟಗಾಯಿತು.

ಮೇಣಕ್ಕೆ ಮಣ್ಣು ಮೆತ್ತಿ ಮೂರು ದಿನ ಒಣಗಿಸಿ, ಕಾಯಿಸಿ ಮೇಣ ಇಳಿಸಿ, ಆರನೇ ದಿನ ಬೆಳಿಗ್ಗೆ ಲೋಹ ಸುರಿದೆ. ಸುರಿದ ಕ್ಷಣಕ್ಕೆ ಅಚ್ಚು ಗುಡುಗಿತು. ಮಣ್ಣು ಹೊರಗೆ ಒಣಗಿದ್ದರೂ ಒಳಗೆ ಒದ್ದೆಯಿತ್ತು. ಹಬೆ ಎದ್ದು ಲೋಹವನ್ನು ಕಾರಂಜಿಯ ಹಾಗೆ ಉಗುಳಿತು. ನನ್ನ ಎಡ ಮೊಣಕೈಯ ಕೆಳಗೆ ಎರಡು ಹನಿ ಬಿತ್ತು. ಆ ಗುರುತು ಈಗಲೂ ಇದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ ಶೆಟ್ರು ಒಡೆದ ಅಚ್ಚಿನ ಮುಂದೆ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಮಣ್ಣಿನ ಒಂದು ತುಂಡನ್ನು ಎತ್ತಿ ಹಿಂದೆಮುಂದೆ ನೋಡುತ್ತಿದ್ದರು.

"ವೆಲ್ಡಿಂಗ್ ಕಡ್ಡಿ ಒಣಗಿಸುವ ಒಲೆ ಉಂಟಲ್ಲ," ಎಂದರು ಕೊನೆಗೆ. "ಅದ್ರಲ್ಲಿ ಇಟ್ರೆ ಒಳಗಿಂದ ಒಣಗುದಿಲ್ವಾ?"

ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಎರಡನೇ ಸಲ ಮೇಣದ ಹಲಗೆಗಳನ್ನು ಹೊಸದಾಗಿ ಮಾಡಿ, ಇನ್ನೂ ತೆಳ್ಳಗೆ ಮಣ್ಣು ಮೆತ್ತಿದೆ. ಮೇಣವನ್ನು ಮೊದಲು ಕೆಂಡದ ಮೇಲೆ ಇಳಿಸಿ, ಖಾಲಿ ಅಚ್ಚುಗಳನ್ನು ಆ ಒಲೆಯಲ್ಲಿ ಎರಡು ದಿನ ಇಟ್ಟೆವು. ಪ್ರತಿ ತಾಸಿಗೂ ಬಂದು ಒಲೆಯ ಮುಳ್ಳು ನೋಡುತ್ತಿದ್ದವರು ಶೆಟ್ರೇ.

ಉದ್ಘಾಟನೆಗೆ ಐದು ದಿನ ಇರುವಾಗ ಎರಡೂ ಸಿದ್ಧವಾದವು. ಒಂದಕ್ಕೆ ಬೇಕೆಂದೇ ತಣಿದ ಲೋಹ ಸುರಿದಿದ್ದೆ. ಮೂಲೆ ತುಂಬಲಿಲ್ಲ, ಅಂಚು ಉರುಟಾಗಿ ನಿಂತಿತು. ಇನ್ನೊಂದು ಪೂರ್ತಿ ತುಂಬಿತ್ತು. ಅದನ್ನು ದಪ್ಪ ಮರದ ದಿಮ್ಮಿಗೆ ನಾಲ್ಕು ಮೊಳೆ ಹೊಡೆದು ಬಡಿದೆ. ಬೆಳಿಗ್ಗೆ ಆರಕ್ಕೆ ಮೇಡಂ ಬ್ಯಾಂಕಿನ ಕಾರಿನಲ್ಲಿ ಸನದ್‌ಗೆ ಬಂದರು. ಉರುಟು ಅಂಚನ್ನು ಮೊದಲು ತೋರಿಸಿದೆ. ಅವರು ಬೆರಳು ಆಡಿಸಿ ನೋಡಿ ತಲೆದೂಗಿದರು. ಆಮೇಲೆ ನಾನು ಸಣ್ಣ ಹಾರೆಯನ್ನು ಕೈಗೆತ್ತಿಕೊಂಡೆ.

"ಕೊಡಿ," ಎಂದರು ಮೇಡಂ. "ಇದನ್ನು ನಾನು ಮಾಡಬೇಕು."

ನಾನು ಶೆಟ್ರ ಮುಖ ನೋಡಿದೆ. ಅವರು ಕೊಡು ಎಂದು ಕಣ್ಣಲ್ಲೇ ಹೇಳಿದರು. ಮೇಡಂ ಹಾರೆಯ ತುದಿಯನ್ನು ಹಲಗೆಯ ಎಡ ಮೂಲೆಯ ಹಿಂದೆ ತೂರಿಸಿದರು. ಮೊದಲ ಸಲ ಜಾರಿತು. ಎರಡನೇ ಸಲ ಇಡೀ ದೇಹದ ಭಾರ ಹಾಕಿ ಮೀಟಿದರು. ಹಿತ್ತಾಳೆ ಬಾಗಿತು, ಒಂದು ಕಿರುಚುವ ಸದ್ದು ಬಂತು, ಮೂಲೆ ಮೊಳೆಯಲ್ಲೇ ಉಳಿದು ಹಲಗೆ ಎದ್ದು ಬಂತು.

ಅವರು ಹಾರೆ ಕೆಳಗಿಟ್ಟು, ಮಗುಚಿ ಹಾಕಿದ್ದ ಒಂದು ಡಬ್ಬದ ಮೇಲೆ ಕೂತರು. ತಮ್ಮ ಅಂಗೈಗಳನ್ನು ನೋಡಿಕೊಂಡರು. ಮೂವತ್ತು ವರ್ಷ ಇಂಥ ವಸ್ತುಗಳ ಧೂಳನ್ನು ಮೃದುವಾದ ಕುಂಚದಿಂದ ಒರೆಸಿದ ಕೈಗಳು ಅವು. ಶೆಟ್ರು ಹೋಗಿ ಚಹಾ ತಂದುಕೊಟ್ಟರು. ಅವರು ಕುಡಿದರು. ಆಮೇಲೆ ಎದ್ದು, ಹರಿದ ಅಂಚನ್ನೂ ಹಿಂಬದಿಯ ಜಜ್ಜುಗಾಯವನ್ನೂ ಭೂತಗನ್ನಡಿಯಲ್ಲಿ ನೋಡಿ, ಎರಡು ತುಂಡುಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡರು.

ಹಾಲಿನಲ್ಲಿ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದೆವು. ಹಳೆಯ ಹಲಗೆಯ ಅಂಚು, ಹಾರೆಯಿಂದ ಕಿತ್ತ ನಮ್ಮ ಹಲಗೆಯ ಅಂಚಿನ ಹಾಗೆಯೇ ಇತ್ತು. ಮೇಡಂ ಹಳೆಯ ವರದಿಯ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ಸಾವಕಾಶವಾಗಿ ಬರೆದರು: ಎರಕ ನಿರ್ದೋಷ. ಕಂಬದಿಂದ ಹಲಗೆಯನ್ನು ಕಬ್ಬಿಣದ ಉಪಕರಣದಿಂದ ಬಲವಂತವಾಗಿ ಕಿತ್ತಾಗ ಮೂಲೆ ಹರಿದಿದೆ. ಬರೆದು ತಮ್ಮ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದರು. ಪರೀಕ್ಷಿಸಿದವರಲ್ಲಿ ಎರಡನೆಯವನಾಗಿ ನಾನೂ ಸಹಿ ಹಾಕಬೇಕಂತೆ. ಹೆಸರಿನ ಮುಂದೆ ಉದ್ಯೋಗ ಬರೆಯುವ ಜಾಗ ಇತ್ತು. ಆ ದೇಶದಲ್ಲಿ ನನ್ನ ಎಲ್ಲ ಕಾಗದಗಳಲ್ಲೂ ವೆಲ್ಡರ್ ಎಂದಿತ್ತು. ಸ್ವಲ್ಪ ಯೋಚಿಸಿ, ಎರಕದವನು ಎಂದು ಬರೆದೆ. ಕನ್ನಡದಲ್ಲೇ ಬರೆದೆ. ಏನೆಂದು ಅವರು ಕೇಳಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸೇರಿಸಿಕೊಂಡರು.

ಪ್ರದರ್ಶನದ ಲೇಬಲ್ಲಿನಲ್ಲೂ ಇದು ಬರಬೇಕು ಎಂದು ಅವರು ತಮ್ಮ ಮ್ಯೂಸಿಯಂಗೆ ಟೆಲೆಕ್ಸ್ ಕಳಿಸಿದರು. ಎರಡು ದಿನ ಬಿಟ್ಟು ಉತ್ತರ ಬಂತು: ವಸ್ತು ಮರಳಿ ಬಂದ ಮೇಲೆ ಪರಿಶೀಲಿಸೋಣ, ಅಲ್ಲಿಯವರೆಗೆ ಲೇಬಲ್ಲಿನ ಒಂದಕ್ಷರವೂ ಬದಲಾಗಕೂಡದು. ಲೇಬಲ್ಲಿನಲ್ಲಿ ರಾಜ್ಯದ ಹೆಸರು, ಲೋಹದ ಹೆಸರು, ಒಬ್ಬ ಸೈನ್ಯಾಧಿಕಾರಿಯ ಕುಟುಂಬದಿಂದ ಬಂದದ್ದು ಎಂಬ ಮಾತು, ಅಷ್ಟೇ ಇತ್ತು. ಮೇಡಂ ಆ ಕಾಗದವನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಹಲಗೆಯ ಮುಂದೆ ನಿಂತರು.

ಲೇಬಲ್ಲು ಅವರದು, ಸ್ಟ್ಯಾಂಡು ನಮ್ಮದು ಎಂದರು ಆಮೇಲೆ. ಫಲಕಕ್ಕೆ ಸ್ಕ್ರೂ ಹಾಕುವುದು ಬೇಡ, ಮರದ ಪಟ್ಟಿಯೂ ಬೇಡ. ಹಾಲಿನ ನಡುವೆ, ಹಿಂದೂ ಮುಂದೂ ಕಾಣುವ ಹಾಗೆ, ಮೂಲೆಗೆ ಏನೂ ಅಡ್ಡ ಬಾರದ ಹಾಗೆ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದರು. ಉಳಿದಿದ್ದದ್ದು ಎರಡೂವರೆ ದಿನ.

ಬಿರುಕು ಎಡಗಡೆ ಇದ್ದುದರಿಂದ ಭಾರವನ್ನು ಆ ಕಡೆಗೆ ಬಿಡುವಂತಿರಲಿಲ್ಲ. ಕೆಳಗಿನ ಅಂಚಿನ ಬಲಭಾಗದಲ್ಲಿ ಒಂದು, ನಡುವಿನಿಂದ ತುಸು ಎಡಕ್ಕೆ ಒಂದು, ಹೀಗೆ ಎರಡು ಪಾದಗಳು. ತೂಕ ಸಮ ಆಗುವ ಜಾಗ ಹುಡುಕಲು ಹಲಗೆಯದೇ ಆಕಾರದ, ಅಷ್ಟೇ ತೂಕದ ಒಂದು ತಗಡನ್ನು ಕತ್ತರಿಸಿಕೊಂಡು ಹದಿನಾಲ್ಕು ಸಲ ಕೂರಿಸಿ ನೋಡಿದೆ. ಮೇಲೆ ಎರಡು ತೆಳು ಕ್ಲಿಪ್ಪು, ಎಲೆಗಳ ನಡುವಿನ ಖಾಲಿ ಜಾಗದಲ್ಲಿ ಕೂರುವಂಥವು. ಹಿಂದಿನ ಕಂಬಿಯನ್ನು ಬೆರಳಿನ ತಗ್ಗುಗಳಿಗೆ ಅಡ್ಡ ಬಾರದಂತೆ ಬಲಕ್ಕೆ ಬಾಗಿಸಿದೆ. ಕೊನೆಗೆ ನಿಜವಾದ ಹಲಗೆಯನ್ನು ಇಬ್ಬರೂ ಹಿಡಿದು ಇಳಿಸಿ ಕೈ ಬಿಟ್ಟಾಗ ಅದು ಒಂದು ಕೂದಲಿನಷ್ಟೂ ಅಲುಗಲಿಲ್ಲ. ಮೇಡಂ ನೆಲದ ಮೇಲೆ ಕೂತು ದೀಪವನ್ನು ತಿರುಗಿಸಿದರು. ಬೆಳಕು ಯೋಧನ ಮುಖದಿಂದ ಇಳಿದು ಗಂಟೆಯ ಮೇಲೆ ಹಾದು ಹರಿದ ಮೂಲೆಯಲ್ಲಿ ನಿಂತಿತು.

ಉದ್ಘಾಟನೆಯ ದಿನ ಬಂದವರು ಖರ್ಜೂರ ತಿಂದು, ಕಾಫಿ ಕುಡಿದು, ದಂತದ ಕಡಗಗಳ ಮುಂದೆ ಹೆಚ್ಚು ಹೊತ್ತು ನಿಂತರು. ನನಗೆ ಬೇಸರವಾಗಲಿಲ್ಲ. ಆಮೇಲಿನ ದಿನಗಳಲ್ಲಿ ತೇವದ ಯಂತ್ರ ನೋಡಿ ಬರೆದಿಡುವ ಕೆಲಸಕ್ಕೆ ನಾನು ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ನಾಲ್ಕನೇ ದಿನವೋ ಐದನೇ ದಿನವೋ, ಹಾಲು ತೆರೆಯುತ್ತಲೇ ಒಬ್ಬರು ಬಂದರು. ಐವತ್ತರ ಹತ್ತಿರದವರು, ಎತ್ತರದ ಆಳು. ನೇರ ಏಳನೇ ನಂಬರಿನ ಮುಂದೆ ಹೋಗಿ ನಿಂತರು. ನಾನು ಬರೆದು ಮುಗಿಸಿ, ಕ್ಲಿಪ್ಪುಗಳನ್ನೆಲ್ಲ ನೋಡಿ ಬಂದರೂ ಅವರು ಅಲ್ಲೇ ಇದ್ದರು. ಹಿಂದಕ್ಕೆ ಹೋಗಿ ನೋಡಿದರು, ಮತ್ತೆ ಮುಂದಕ್ಕೆ ಬಂದರು.

ಇದನ್ನು ಹೀಗೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನೈಜೀರಿಯಾದವರು, ಹಡಗುಗಳ ಪರೀಕ್ಷೆ ಮಾಡುವ ಎಂಜಿನಿಯರ್. ಈ ಹಲಗೆಯ ಊರೇ ಅವರ ಊರು. ಬ್ರಿಟಿಷರ ಸೈನ್ಯ ಬಂದು, ಅರಮನೆ ಸುಟ್ಟು, ರಾಜನನ್ನು ದೂರ ಸಾಗಿಸಿ, ಕಂಬಗಳಲ್ಲಿ ಇದ್ದುದನ್ನೆಲ್ಲ ಹೊತ್ತುಕೊಂಡು ಹೋದ ಕತೆಯನ್ನು ಅವರು ಏರುದನಿ ಮಾಡದೆ ಹೇಳಿದರು. ಹಾಗೆ ಹೋದವು ಎಷ್ಟೋ ದೇಶಗಳಿಗೆ ಚದುರಿಹೋದವಂತೆ.

"ಎರಕದವರ ಬೀದಿ ನಮ್ಮ ಊರಲ್ಲಿ ಈಗಲೂ ಇದೆ," ಎಂದರು ಅವರು. "ನಾನು ಶಾಲೆಗೆ ಹೋಗುತ್ತಿದ್ದದ್ದು ಅದೇ ಬೀದಿಯಲ್ಲಿ. ಅಲ್ಲಿ ಕೆಲಸ ಕಲಿಯುವವರಿಗೆ ಇಂಥವುಗಳ ಫೋಟೋ ತೋರಿಸುತ್ತಾರೆ. ತೋರಿಸಲು ವಸ್ತು ಇಲ್ಲ."

ನಾನು ವರದಿಯ ವಿಷಯ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ, ಕೈ ಕಾಲು ಆಡಿಸಿ, ಕುಲುಮೆ, ಒಡೆದ ಅಚ್ಚು, ಹಾರೆ ಎಲ್ಲವನ್ನೂ ಹೇಳಿದೆ. ಎರಕದ ದೋಷ ಎಂದು ಬರೆದಿದ್ದರು ಎಂದಾಗ ಅವರ ಮುಖ ಬಿಗಿಯಾಯಿತು. ಹಾರೆ ಹಿಡಿದವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮೇಡಂ ಎಂದು ತೋರಿಸಿದಾಗ ಅವರು ತಿರುಗಿ ಆ ಕಡೆ ನೋಡಿದರು. ಮೇಡಂ ಬಂದು ತಮ್ಮ ಮ್ಯೂಸಿಯಂನ ಪರವಾಗಿ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ. ನನ್ನ ಕೈಯಲ್ಲಿ ಇರುವುದು ಈ ಒಂದು ವರದಿ ಮಾತ್ರ, ಅದನ್ನು ಸರಿಪಡಿಸಿದ್ದೇನೆ ಎಂದರು. ಎಂಜಿನಿಯರ್ ಅದರ ಒಂದು ಪ್ರತಿ ಕೇಳಿದರು. ಆ ಬೀದಿಯ ಹಿರಿಯರಿಗೆ ಕಳಿಸಬೇಕಂತೆ. ಮೇಡಂ ಅಲ್ಲೇ ಕೂತು, ಅಕ್ಷರ ಅಕ್ಷರವಾಗಿ ಕೈಯಲ್ಲೇ ಪ್ರತಿ ಮಾಡಿ ಕೊಟ್ಟರು. ನಾನು ಮತ್ತೆ ಸಹಿ ಹಾಕಿದೆ.

ಪ್ರದರ್ಶನ ಒಂದು ತಿಂಗಳು ನಡೆಯಿತು. ಎಂಜಿನಿಯರ್ ಬಂದರಿನಲ್ಲಿ ಕೆಲಸ ಇಲ್ಲದ ದಿನವೆಲ್ಲ ಬಂದರು. ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ನನ್ನ ಎಡಗೈಯನ್ನು ಹಿಡಿದು ಸುಟ್ಟ ಗುರುತನ್ನು ನೋಡಿ, ಆ ಬೀದಿಯಲ್ಲಿ ಎಲ್ಲರ ಕೈಯಲ್ಲೂ ಇಂಥದ್ದು ಇರುತ್ತದೆ ಎಂದರು. ನನಗೆ ಗಲ್ಫ್‌ನಲ್ಲಿ ಸಿಕ್ಕ ದೊಡ್ಡ ಮೆಚ್ಚುಗೆ ಅದು.

ವಸ್ತುಗಳನ್ನು ಮರಳಿ ಪೆಟ್ಟಿಗೆಗೆ ಹಾಕುವ ದಿನ ಅವರು ಮೇಡಂ ಅನುಮತಿ ಕೇಳಿ ಬಂದಿದ್ದರು. ಏಳನೆಯದನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ಕ್ಲಿಪ್ಪು ಬಿಚ್ಚಿ, ಇಬ್ಬರೂ ಹಿಡಿದು, ಫೆಲ್ಟ್ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿದೆವು. ಮೇಡಂ ಎಂಜಿನಿಯರ್ ಕಡೆ ನೋಡಿದರು. ಅವರು ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಹಲಗೆಯನ್ನು ಮುಟ್ಟದೆ, ಅದರ ಮೇಲೆ ಬಾಗಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಪ್ರಾರ್ಥನೆಯ ರಾಗ ಇರಲಿಲ್ಲ. ಮನೆಯವರಿಗೆ ದಾರಿ ಹೇಳುವ ಹಾಗೆ ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. ನಡುವೆ ಬಹರೈನ್ ಎಂಬ ಹೆಸರು ಕೇಳಿಸಿತು, ಆಮೇಲೆ ಯೂರೋಪಿನ ಆ ನಗರದ ಹೆಸರು.

ಅವರು ಎದ್ದ ಮೇಲೆ, ಏನು ಹೇಳಿದಿರಿ ಎಂದು ಕೇಳಬಹುದೋ ಬಾರದೋ ತಿಳಿಯದೆ ನಾನು ಮುಚ್ಚಳದ ಸ್ಕ್ರೂಗಳನ್ನು ಎಣಿಸಿಟ್ಟೆ. ಅವರೇ ಹೇಳಿದರು.

"ಇಲ್ಲಿಂದ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿದೆ. ಮೊದಲ ಸಲ ಕರೆದುಕೊಂಡು ಹೋಗುವಾಗ ಯಾರೂ ಹೇಳಿರಲಿಲ್ಲ."

ಮೇಡಂ ಮುಚ್ಚಳಕ್ಕೆ ಅವಸರ ಮಾಡಲಿಲ್ಲ. ಎಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿಯುವವರೆಗೆ ನಾವಿಬ್ಬರೂ ಮುಚ್ಚಳವನ್ನು ಎತ್ತಿ ಹಿಡಿದುಕೊಂಡೇ ಕಾದೆವು. ಆಮೇಲೆ ಇಳಿಸಿ, ಎದುರುಬದುರಿನ ಮೂಲೆಗಳಿಂದ ಶುರುಮಾಡಿ, ಒಂದೊಂದೇ ಸ್ಕ್ರೂವನ್ನು ಕೈಯಿಂದ ತಿರುಗಿಸಿ ಕೂರಿಸಿದೆ.